ಮದ್ದಿನ ಮೇಲೊಂದು ಶಿಲಿಂಗ್

ಇಂಗ್ಲೆಂಡಿನಲ್ಲಿ ವೈದ್ಯರು ಬರೆದುಕೊಡುವ ಹಸಿರು ಚೀಟಿಯ ಬೆನ್ನಿಗೆ ಸಣ್ಣ ಸಣ್ಣ ಚೌಕಗಳಿವೆ. ಅರವತ್ತು ದಾಟಿದವರು, ಮಕ್ಕಳು, ಬಸುರಿಯರು, ಸರ್ಕಾರದ ಕೆಲವು ಭತ್ಯೆಗಳ ಮೇಲೆ ಬದುಕುವವರು, ಗೊತ್ತುಪಡಿಸಿದ ಕೆಲವು ಕಾಯಿಲೆಯವರು ತಮ್ಮ ಚೌಕಕ್ಕೆ ಗುರುತು ಹಾಕಿ ಸಹಿ ಮಾಡಿದರೆ ದುಡ್ಡಿಲ್ಲದೆ ಔಷಧಿ ಸಿಗುತ್ತದೆ. ಯಾವ ಚೌಕಕ್ಕೂ ಸೇರದವರು 2024ರ ಮೇ ತಿಂಗಳಿಂದ ಒಂದೊಂದು ಔಷಧಿಗೂ 9.90 ಪೌಂಡ್ ಕಟ್ಟಬೇಕು. ನಾನು ಹಾಸನದವಳು, ಓದಿದ್ದು ಬೆಂಗಳೂರಿನಲ್ಲಿ. ಈಗ ಇಲ್ಲಿ, ವೇಲ್ಸ್ ಗಡಿಗೆ ಹತ್ತಿರದ ಒಂದು ಸಣ್ಣ ಊರಿನಲ್ಲಿ ಫಾರ್ಮಸಿಸ್ಟ್. ಈ ಚೌಕಗಳನ್ನು ಯಾರು, ಯಾವಾಗ, ಯಾಕೆ ಹಾಕಿದರು ಎಂದು ಹುಡುಕಿ ಓದತೊಡಗಿದೆ. ರೋಗಿಯ ಪಾಲಿನ ಈ ಹಣ ವೈದ್ಯರ ಯೋಚನೆಯಲ್ಲಿ ಮೊಳೆತದ್ದೆಂದು ಅಂದುಕೊಂಡಿದ್ದವರಿಗೆ ಆ ಕಥೆ ಅಚ್ಚರಿ ತರುತ್ತದೆ. ಪೌಂಡಿನ ಬೆಲೆ ಬಿದ್ದಾಗ ಖಜಾನೆಯವರು ಇದನ್ನು ಹುಡುಕಿಕೊಂಡರು. ಅದಕ್ಕೊಂದು ಸಮರ್ಥನೆ ಆಮೇಲೆ ಕೂಡಿಕೊಂಡಿತು.

ಮೊದಲಿಗೆ ಟ್ರೆಡೆಗಾರ್. ದಕ್ಷಿಣ ವೇಲ್ಸಿನ ಕಲ್ಲಿದ್ದಲು ಊರು. ಅಲ್ಲಿಯ ಕಾರ್ಮಿಕರು ತಮ್ಮ ಕೂಲಿಯಲ್ಲಿ ಒಂದಿಷ್ಟು ಪೆನ್ಸ್ ಕೂಡಿಹಾಕಿ ಒಂದು ವೈದ್ಯಕೀಯ ಸಹಾಯ ಸಂಘ ಕಟ್ಟಿಕೊಂಡಿದ್ದರು. ಕಾಯಿಲೆ ಬಿದ್ದಾಗ ಸಂಘದ ವೈದ್ಯರು ನೋಡುತ್ತಿದ್ದರು, ಮದ್ದು ಕೊಡುತ್ತಿದ್ದರು. ಮನೆಮಂದಿಗೂ ಅದು ಸಲ್ಲುತ್ತಿತ್ತು. 1911ರಲ್ಲಿ ಹಣಕಾಸು ಮಂತ್ರಿ ಲಾಯ್ಡ್ ಜಾರ್ಜ್ ತಂದ ರಾಷ್ಟ್ರೀಯ ವಿಮೆ ಇದಕ್ಕಿಂತ ಕಿರಿದಾಗಿತ್ತು. ದುಡಿಯುವ ಗಂಡಸಿಗೆ ವೈದ್ಯ ಸಿಕ್ಕ, ಮನೆಯಲ್ಲಿದ್ದ ಹೆಂಡತಿಗೂ ಮಕ್ಕಳಿಗೂ ಸಿಗಲಿಲ್ಲ. ಟ್ರೆಡೆಗಾರಿನಲ್ಲೇ ಹುಟ್ಟಿ, ಹುಡುಗನಾಗಿದ್ದಾಗಲೇ ಗಣಿಗಿಳಿದ ಅನಾಯ್ರಿನ್ ಬೆವನ್ ಆರೋಗ್ಯ ಮಂತ್ರಿಯಾದ ಮೇಲೆ 1948ರ ಜುಲೈ 5ರಂದು ಇಡೀ ದೇಶಕ್ಕೆ ಆರೋಗ್ಯ ಸೇವೆ ತೆರೆದರು. ಔಷಧಿಗೆ ಒಂದು ಪೆನ್ನಿಯನ್ನೂ ಕೊಡಬೇಕಿರಲಿಲ್ಲ.

ಒಂದು ವರ್ಷ ಕಳೆಯುವಷ್ಟರಲ್ಲೇ ಲೆಕ್ಕ ಅಂದಾಜು ಮೀರಿತು. 1949ರ ಸೆಪ್ಟೆಂಬರಿನಲ್ಲಿ ಪೌಂಡಿನ ಬೆಲೆ ಇಳಿಸಬೇಕಾಯಿತು. ಮರುತಿಂಗಳೇ ಪ್ರಧಾನಿ ಆಟ್ಲಿ ಔಷಧಿ ಚೀಟಿಯೊಂದಕ್ಕೆ ಒಂದು ಶಿಲಿಂಗ್ ಎಂದು ಸಾರಿದರು. ಬೆವನ್ ಒಲ್ಲದ ಮನಸ್ಸಿನಿಂದ ಒಪ್ಪಿದರು. ಜನರ ಗಂಟಲಿಗೆ ಇಳಿಯುತ್ತಿರುವ ಔಷಧಿಯ ಪ್ರವಾಹ ಕಂಡು ಅವರೇ ಬೆಚ್ಚಿ ಮಾತಾಡಿದ್ದೂ ಉಂಟು. ಕಾನೂನು ಪಾಸಾಯಿತು, ಆದರೆ ಅವರ ಸರ್ಕಾರ ಅದನ್ನು ಜಾರಿಗೆ ತರಲೇ ಇಲ್ಲ.

ಬೆವನ್ ಮುರಿದು ನಿಂತದ್ದು 1951ರ ಏಪ್ರಿಲ್‌ನಲ್ಲಿ. ಕೊರಿಯಾ ಯುದ್ಧದ ಹೊತ್ತು ಅದು. ಹಣಕಾಸು ಮಂತ್ರಿ ಗೇಟ್ಸ್‌ಕೆಲ್ ಕಟ್ಟಿಸುವ ಹಲ್ಲಿಗೂ ಕನ್ನಡಕಕ್ಕೂ ಅರ್ಧ ಬೆಲೆ ಜನರೇ ಕೊಡಲಿ ಎಂದರು. ಅದರಿಂದ ಇಡೀ ವರ್ಷಕ್ಕೆ ಉಳಿಯಬೇಕಾಗಿದ್ದದ್ದು 2.3 ಕೋಟಿ ಪೌಂಡ್. ಅದೇ ಸರ್ಕಾರ ಮೂರು ವರ್ಷಗಳ ಶಸ್ತ್ರ ಸಿದ್ಧತೆಗೆ ಇಟ್ಟಿದ್ದ ಮೊತ್ತ 470 ಕೋಟಿ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗಲೆಲ್ಲ ಬೆವನ್ನರ ರಾಜೀನಾಮೆ ನನಗೆ ಹಟಮಾರಿತನವಾಗಿ ಕಾಣುವುದಿಲ್ಲ. ಅವರ ಜೊತೆ ಹೊರಬಂದವರಲ್ಲಿ ಹೆರಾಲ್ಡ್ ವಿಲ್ಸನ್ ಎಂಬ ತರುಣ ಮಂತ್ರಿಯೂ ಇದ್ದರು.

ಶಿಲಿಂಗ್ ಜಾರಿಗೆ ಬಂದದ್ದು ಚರ್ಚಿಲ್ ಸರ್ಕಾರದಲ್ಲಿ, 1952ರ ಜೂನ್ 1ಕ್ಕೆ. ಚೀಟಿಯಲ್ಲಿ ಒಂದೇ ಔಷಧಿ ಇರಲಿ, ನಾಲ್ಕು ಇರಲಿ, ಒಂದೇ ಶಿಲಿಂಗ್. ಹೀಗಾಗಿ ಒಂದೇ ಚೀಟಿಯಲ್ಲಿ ಹಲವು ಔಷಧಿ ಬರೆಸಿಕೊಂಡರೆ ರೋಗಿಗೆ ಲಾಭ. 1956ರ ಕೊನೆಗೆ ಔಷಧಿಗೊಂದು ಶಿಲಿಂಗ್ ಆಯಿತು. ಆಗ ಒಂದೇ ಸಲಕ್ಕೆ ಹೆಚ್ಚು ದಿನದ ಮದ್ದು ಬರೆಸಿಕೊಳ್ಳುವುದು ಲಾಭ. 1961ರಲ್ಲಿ ಆರೋಗ್ಯ ಮಂತ್ರಿ ಇನಾಕ್ ಪವೆಲ್ ಅದನ್ನು ಎರಡು ಶಿಲಿಂಗ್ ಮಾಡಿದರು. ವಿಲ್ಸನ್ ಪ್ರಧಾನಿಯಾದ ಮೇಲೆ ಹಳೆಯ ಮಾತು ಮರೆಯಲಿಲ್ಲ: 1965ರ ಫೆಬ್ರವರಿ 1ರಿಂದ ಶುಲ್ಕವೇ ಇಲ್ಲ ಎಂದರು.

ಮೂರೂವರೆ ವರ್ಷವೂ ಅದು ನಿಲ್ಲಲಿಲ್ಲ. 1967ರ ನವೆಂಬರಿನಲ್ಲಿ ಪೌಂಡ್ ಮತ್ತೆ ಕುಸಿಯಿತು, ಸಾಲ ಕೊಟ್ಟವರಿಗೆ ಉಳಿತಾಯ ತೋರಿಸಬೇಕಾಯಿತು, 1968ರ ಜೂನ್ 10ರಂದು ಶುಲ್ಕ ಎರಡೂವರೆ ಶಿಲಿಂಗ್ ಆಗಿ ಮರಳಿತು. ರಾಜೀನಾಮೆ ಕೊಟ್ಟು ಹೊರಟಿದ್ದ ವ್ಯಕ್ತಿಯ ಸರ್ಕಾರವೇ ಅದನ್ನು ಮರಳಿ ತಂದಿತು. ಪಕ್ಷದೊಳಗಿನ ಸಿಟ್ಟು ತಣಿಸಲು ಈ ಸಲ ವಿನಾಯಿತಿಗಳು ಬೇಕಿದ್ದವು. ವಯಸ್ಸು, ಬಡತನ, ಬಸಿರು ಗುರುತಿಸುವುದು ಸುಲಭ. ದೀರ್ಘ ಕಾಯಿಲೆ ಯಾವುದೆಂದು ಗೆರೆ ಎಳೆಯುವುದು ಕಷ್ಟ. ವೈದ್ಯರ ಸಂಘದೊಡನೆ ಕೂತು ಒಂದು ಚಿಕ್ಕ ಪಟ್ಟಿ ಮಾಡಿದರು: ಔಷಧಿ ಬೇಕಾದ ಸಕ್ಕರೆ ಕಾಯಿಲೆ, ನಿರಂತರ ಮಾತ್ರೆ ಬೇಕಾದ ಮೂರ್ಛೆ ರೋಗ, ಥೈರಾಯ್ಡ್ ಕೊರತೆ, ಅಡಿಸನ್ ಕಾಯಿಲೆ, ಇಂಥ ಇನ್ನು ಕೆಲವು. ಸುಲಭವಾಗಿ ಪತ್ತೆಯಾಗುವ, ಬದುಕಿರುವವರೆಗೂ ಮದ್ದು ಬೇಡುವ ಕಾಯಿಲೆಗಳು.

ಆ ವರ್ಷದ ಮಟ್ಟಿಗೆ ಅದು ಅನ್ಯಾಯದ ಪಟ್ಟಿ ಆಗಿರಲಿಲ್ಲ. ಉಬ್ಬಸದವರು ಇಂದು ಜೇಬಿನಲ್ಲಿಟ್ಟುಕೊಂಡು ತಿರುಗುವ ಸಾಲ್ಬುಟಮಾಲ್ ಇನ್ಹೇಲರ್ ಮಾರುಕಟ್ಟೆಗೆ ಬಂದದ್ದೇ ಮರುವರ್ಷ, 1969ರಲ್ಲಿ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುಕಾಯಿಲೆ ಇದ್ದ ಮಕ್ಕಳು ಹೆಚ್ಚಾಗಿ ದೊಡ್ಡವರಾಗುವಷ್ಟು ದಿನ ಬದುಕುತ್ತಿರಲಿಲ್ಲ. ಮದ್ದುಗಳು ಬಂದವು, ಜನ ಬದುಕಿದರು, ಪಟ್ಟಿ ಮಾತ್ರ ಕದಲಲಿಲ್ಲ. 2009ರಲ್ಲಿ ಕ್ಯಾನ್ಸರ್ ಸೇರಿದ್ದೊಂದೇ ದೊಡ್ಡ ಬದಲಾವಣೆ. ಥೈರಾಯ್ಡ್ ಕೊರತೆ ಇರುವವರಿಗೆ ಆ ಒಂದು ಕಾಯಿಲೆಯ ಬಲದಿಂದ ಕಿವಿನೋವಿನ ಮದ್ದೂ ಬಿಟ್ಟಿ. ಉಬ್ಬಸದಿಂದ ಸಾಯಬಹುದಾದವರು ಪ್ರತಿ ಇನ್ಹೇಲರಿಗೂ ಕಟ್ಟಬೇಕು.

ಕೆಲವು ವರ್ಷಗಳ ಹಿಂದೆ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ ಒಬ್ಬ ಹುಡುಗ ಕೌಂಟರಿನ ಮುಂದೆ ಚೀಟಿ ಇಟ್ಟು, ದನಿ ತಗ್ಗಿಸಿ ಕೇಳಿದ: “ಈ ಎರಡರಲ್ಲಿ ಯಾವುದನ್ನು ಬಿಟ್ಟರೆ ನಡೆಯುತ್ತೆ?” ಒಂದು ನೀಲಿ ಇನ್ಹೇಲರ್, ಇನ್ನೊಂದು ಕಂದು. ನೀಲಿಯದು ಉಸಿರು ಕಟ್ಟಿದಾಗ ಕೂಡಲೇ ಬಿಡಿಸುತ್ತದೆ. ಕಂದು ಬಣ್ಣದ್ದು ದಿನವೂ ತೆಗೆದುಕೊಂಡರೆ ಉಸಿರು ಕಟ್ಟುವುದನ್ನೇ ತಡೆಯುತ್ತದೆ. ಎರಡೂ ಬೇಕು ಎಂದು ಎಷ್ಟು ಹೇಳಿದರೂ ಅವನು ನೀಲಿಯದನ್ನಷ್ಟೇ ತೆಗೆದುಕೊಂಡು ಹೋದ. ಹಾಸನದಲ್ಲಿ ನನ್ನ ಸೋದರಮಾವನ ಮೆಡಿಕಲ್ ಸ್ಟೋರಿನಲ್ಲಿ “ಮೂರು ದಿನದ್ದು ಮಾತ್ರ ಕೊಡಿ ಸಾಕು” ಅನ್ನುತ್ತಿದ್ದ ಗಿರಾಕಿಗಳನ್ನು ನೋಡುತ್ತಲೇ ಬೆಳೆದವಳು ನಾನು. ಅಲ್ಲಿ ಇಡೀ ಬೆಲೆ ಕೈಯಿಂದ ಹೋಗುತ್ತಿತ್ತು. ಎಲ್ಲರಿಗೂ ಸೇರಿದ ಆರೋಗ್ಯ ಸೇವೆ ಇರುವ ದೇಶದಲ್ಲೂ ಅದೇ ದನಿ ಕೇಳಿ ನನಗೆ ತುಂಬಾ ಸಂಕಟವಾಯಿತು.

ಪಾಲು ಕೊಡಿಸುವುದರ ಸಮರ್ಥನೆ ಎಲ್ಲ ವಿಮೆಗಳಲ್ಲೂ ಒಂದೇ: ಬಿಟ್ಟಿ ಸಿಕ್ಕರೆ ಜನ ಬೇಡದ್ದನ್ನೂ ಕೇಳುತ್ತಾರೆ, ಸ್ವಲ್ಪ ಕೈಯಿಂದ ಹೋದರೆ ಯೋಚಿಸುತ್ತಾರೆ. ಇದನ್ನು ಅಮೆರಿಕದ ರ್ಯಾಂಡ್ ಸಂಸ್ಥೆ 1974ರಿಂದ 1982ರವರೆಗೆ ಸಾವಿರಾರು ಜನರ ಮೇಲೆ ಪರೀಕ್ಷಿಸಿ ನೋಡಿತು. ಕೆಲವು ಕುಟುಂಬಗಳಿಗೆ ಚಿಕಿತ್ಸೆ ಪೂರ್ತಿ ಬಿಟ್ಟಿ, ಉಳಿದವರಿಗೆ ಬೇರೆ ಬೇರೆ ಪಾಲು. ಪಾಲು ಕೊಟ್ಟವರು ಕಡಿಮೆ ಬಳಸಿದರು, ನಿಜ. ಆದರೆ ಬೇಡದ್ದನ್ನು ಎಷ್ಟು ಬಿಟ್ಟರೋ ಬೇಕಾದದ್ದನ್ನೂ ಸುಮಾರು ಅಷ್ಟೇ ಬಿಟ್ಟರು. ಸಾಮಾನ್ಯ ಆರೋಗ್ಯ ಇದ್ದವರಿಗೆ ಅದರಿಂದ ಹೆಚ್ಚು ತೊಂದರೆ ಆಗಲಿಲ್ಲ. ರಕ್ತದೊತ್ತಡ ಇದ್ದ ಬಡವರಿಗೆ ಆಯಿತು. ನನ್ನ ಕೌಂಟರಿನಲ್ಲಿ ಕಂದು ಇನ್ಹೇಲರ್ ಬಿಟ್ಟು ಹೋದ ಹುಡುಗನನ್ನು ಕಂಡ ಮೇಲೆ ನನಗೆ ಇದಕ್ಕೆ ಬೇರೆ ಪುರಾವೆ ಬೇಕಾಗಿಲ್ಲ. ಔಷಧಿ ಬೇಕೇ ಬೇಡವೇ ಎಂದು ನಿರ್ಧರಿಸಿ ಸಹಿ ಮಾಡಿದವರು ವೈದ್ಯರು, ದಂಡ ಕಟ್ಟುವವನು ಮಾತ್ರ ರೋಗಿ. ಎಷ್ಟೋ ಮಾತ್ರೆಗಳ ಅಸಲು ಬೆಲೆ ಆ 9.90ಕ್ಕಿಂತ ಬಹಳ ಕಡಿಮೆ. ಉಳಿದದ್ದು ನಮ್ಮ ಅಂಗಡಿಗೂ ಬರುವುದಿಲ್ಲ, ಆರೋಗ್ಯ ಸೇವೆಗೆ ಹೋಗುತ್ತದೆ.

2007ರ ಏಪ್ರಿಲ್ 1ಕ್ಕೆ ವೇಲ್ಸ್ ಶುಲ್ಕ ತೆಗೆದುಹಾಕಿತು. 2010ರಲ್ಲಿ ಉತ್ತರ ಐರ್ಲೆಂಡ್, 2011ರಲ್ಲಿ ಸ್ಕಾಟ್ಲೆಂಡ್. ಇಂಗ್ಲೆಂಡಿನಲ್ಲಿ ದೀರ್ಘ ಕಾಯಿಲೆಯವರಿಗೆಲ್ಲ ವಿನಾಯಿತಿ ಕೊಡುವುದು ಹೇಗೆಂದು ವೈದ್ಯ ಇಯಾನ್ ಗಿಲ್ಮೋರ್ ಬರೆದ ವರದಿ 2010ರ ಮೇ ತಿಂಗಳಲ್ಲಿ ಹೊರಬಂತು. ಆಗಷ್ಟೇ ಹೊಸ ಸರ್ಕಾರ ಬಂದಿತ್ತು, ಮತ್ತೆ ಉಳಿತಾಯದ ಕಾಲ, ವರದಿ ಜಾರಿಯಾಗಲಿಲ್ಲ. ಇಂಗ್ಲೆಂಡಿನಲ್ಲೂ ಹತ್ತರಲ್ಲಿ ಒಂಬತ್ತು ಔಷಧಿಗಳು ಈಗ ಶುಲ್ಕವಿಲ್ಲದೆ ಹೋಗುತ್ತವೆ. ಮಿಕ್ಕ ಒಂದರ ಭಾರ ದುಡಿಯುವ ವಯಸ್ಸಿನವರದ್ದು. ಅವರಲ್ಲಿ ತುಂಬಾ ಜನ ಭತ್ಯೆ ಸಿಗದಷ್ಟು ಮಾತ್ರ ಸಂಪಾದಿಸುವವರು.

ವರ್ಷಕ್ಕೆ 114.50 ಪೌಂಡ್ ಕಟ್ಟಿದರೆ ಎಷ್ಟು ಔಷಧಿ ಬೇಕಾದರೂ ಪಡೆಯುವ ಒಂದು ಪ್ರಮಾಣಪತ್ರವಿದೆ. ಹತ್ತು ಕಂತಿನಲ್ಲಿ ಕಟ್ಟಬಹುದು. ತಿಂಗಳಿಗೆ ಎರಡು ಔಷಧಿ ಬೇಕಾದವರಿಗೆ ವರ್ಷದ ಖರ್ಚು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಕೇಳಿದವರಿಗಷ್ಟೇ ಅದು ಗೊತ್ತು. ಉಬ್ಬಸದ ಚೀಟಿ ಹಿಡಿದು ಬಂದವರು ಹಣದ ಚೀಲ ತೆರೆಯುವ ಮೊದಲೇ ನಾನು ಅದರ ವಿಷಯ ಹೇಳುತ್ತೇನೆ. ಸಾಧ್ಯವಾದರೆ ಅಲ್ಲೇ, ಅವರ ಫೋನಿನಲ್ಲೇ, ಅರ್ಜಿ ತುಂಬಿಸಿ ಕಳಿಸುತ್ತೇನೆ.