ಕಡಕೊಳದ ನೆರೆಯ ಮಣಿಯದ ಲೋಹಗಳು

ಬಡಿದರೆ ತಗಡಾಗುವುದು, ಎಳೆದರೆ ತಂತಿಯಾಗುವುದು ಲೋಹದ ಲಕ್ಷಣವೆಂದು ಹೇಳುವ ವಾಡಿಕೆಯುಂಟಷ್ಟೆ. ಇದಕ್ಕೆ ಚಿನ್ನವೇ ಮೇಲ್ಪಂಕ್ತಿ. ಒಂದು ಗ್ರಾಂ ಚಿನ್ನವನ್ನು 2 ಕಿಲೋಮೀಟರಿಗೂ ಮಿಕ್ಕ ತಂತಿಯಾಗಿ ಎಳೆಯಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರ (1794-1868) ಆಶ್ರಯದಲ್ಲಿ ಬೆಳೆದ ಮೈಸೂರು ಚಿತ್ರಗಳ ಹೊನ್ನಿನ ಹಾಳೆಗೂ ಈ ಗುಣವೇ ಆಧಾರ.

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹಾದಿಯ ಕಡಕೊಳದ ನೆರೆಯಲ್ಲಾದರೋ ನೆಲದ ಸಂಪತ್ತು ಬೇರೆ ಬಗೆಯದು. ಇಪ್ಪತ್ತನೆಯ ಶತಮಾನದಲ್ಲಿ ದೊಡ್ಡಕಾನ್ಯದ ಬಳಿ ಮ್ಯಾಗ್ನಸೈಟನ್ನೂ ಸಿಂಧುವಳ್ಳಿಯ ಬಳಿ ಕ್ರೋಮೈಟನ್ನೂ ಅಗೆದು ತೆಗೆದರು. ಮ್ಯಾಗ್ನಸೈಟು ಬಹುಮಟ್ಟಿಗೆ ಕುಲುಮೆಯ ಇಟ್ಟಿಗೆಗೇ ಒದಗುವ ಕಲ್ಲು. ಅದರೊಳಗಣ ಮೆಗ್ನೀಸಿಯಮ್ಮನ್ನು ನೆನೆಯುವವರು ವಿರಳ. ಆ ಲೋಹದಲ್ಲಿ ಪರಮಾಣುಗಳ ಜೋಡಣೆ ಷಟ್ಕೋನದ್ದು. ಪದರಗಳು ಜಾರುವ ದಾರಿಗಳು ಕೆಲವೇ. ಆದುದರಿಂದ ತಣ್ಣಗಿರುವಾಗ ಸ್ವಲ್ಪ ಬಾಗಿ ಬಿರಿಯುವುದು. 200 ಡಿಗ್ರಿ ಸೆಲ್ಸಿಯಸ್ಸಿಗೆ ಮೀರಿ ಕಾಯಿಸಿದರೆ ಬೇರೆ ದಾರಿಗಳೂ ತೆರೆದು ಪೆಟ್ಟಿಗೆ ಮಣಿಯುವುದು.

ಕ್ರೋಮೈಟಿನ ಕ್ರೋಮಿಯಮ್ಮು ಇನ್ನೂ ಹಟಮಾರಿ. 1797ರಲ್ಲಿ ಫ್ರಾನ್ಸಿನ ವೋಕ್ಲೆನನು ಕಂಡುಹಿಡಿದ ಈ ಲೋಹವು ಪೆಟ್ಟು ಬಿದ್ದರೆ ಒಡೆಯುವುದು. ಅದರ ಹುಟ್ಟುಗುಣವೇ ಅಂಥದೆಂದು ಬಹುಕಾಲ ತಿಳಿದಿದ್ದರು. ಆ ತೀರ್ಪು ಅವಸರದ್ದು. 1950ರ ದಶಕದ ಪ್ರಯೋಗಗಳಲ್ಲಿ, ಬಹಳವಾಗಿ ಶೋಧಿಸಿದ ಕ್ರೋಮಿಯಮ್ಮು ಕೋಣೆಯ ಉಷ್ಣದಲ್ಲಿಯೇ ಒಡೆಯದೆ ಬಾಗಿತು. ಅದನ್ನು ಬಿರುಸಾಗಿಸಿದ್ದುದು ಮುಖ್ಯವಾಗಿ ಒಳಹೊಕ್ಕ ನೈಟ್ರೋಜನ್ನಿನ ಲೇಶ.