ಶಾಲಾ ಕಲಿಕೆಯಲ್ಲಿ ಡಿಜಿಟಲ್ ಆಟಗಳು (ಶಿರಸಿ, ಸಿದ್ದಾಪುರ, ಯಲ್ಲಾಪುರ)

ಕಂಪ್ಯೂಟರ್, ಟ್ಯಾಬ್ ಅಥವಾ ಮೊಬೈಲ್‌ನಲ್ಲಿ ಆಡುವ ಆಟಗಳನ್ನು ಪಠ್ಯವಿಷಯಗಳ ಕಲಿಕೆಗೆ ಬಳಸುವ ಬೋಧನಾ ವಿಧಾನ. ಗಣಿತ, ಓದು ಮತ್ತು ಕೀಲಿಮಣೆ ಅಭ್ಯಾಸಕ್ಕೆ ಇದು ಹೆಚ್ಚಾಗಿ ಬಳಕೆಯಲ್ಲಿದೆ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲ್ಲೂಕುಗಳಾದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಚದುರಿದ ವಸತಿ, ಚಿಕ್ಕ ಶಾಲೆ ಮತ್ತು ದುರ್ಬಲ ನೆಟ್‌ವರ್ಕ್ ಈ ವಿಧಾನದ ಸಾಧ್ಯತೆ, ಮಿತಿಗಳೆರಡನ್ನೂ ನಿರ್ಧರಿಸುತ್ತವೆ.

ಹಿನ್ನೆಲೆ

ಮಕ್ಕಳಿಗಾಗಿ ರೂಪಿಸಿದ ‘ಲೋಗೊ’ ಪ್ರೋಗ್ರಾಮಿಂಗ್ ಭಾಷೆ 1967ರಲ್ಲಿ ಬಂದಿತು. ಇತಿಹಾಸ ಪಾಠಕ್ಕೆಂದು ಅಮೆರಿಕದ ಮಿನೆಸೋಟದಲ್ಲಿ ಸಿದ್ಧವಾದ ‘ದಿ ಆರೆಗಾನ್ ಟ್ರೇಲ್’ (1971) ತರಗತಿಗೆ ಕಾಲಿಟ್ಟ ಮೊದಮೊದಲ ಕಂಪ್ಯೂಟರ್ ಆಟಗಳಲ್ಲೊಂದು.

ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಆಟದ ಮೂಲಕ ಕಲಿಸುವ ಕ್ರಮ ಕಂಪ್ಯೂಟರ್‌ಗಿಂತ ಮೊದಲೇ ಪರಿಚಿತ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ‘ನಲಿ-ಕಲಿ’ 2009-10ರಲ್ಲಿ ರಾಜ್ಯದಾದ್ಯಂತ ಒಂದು ಮತ್ತು ಎರಡನೇ ತರಗತಿಗಳಿಗೆ ಅನ್ವಯವಾಯಿತು. ಕಾರ್ಡು, ಹಾಡು, ಗುಂಪು ಆಟಗಳೇ ಅದರ ಸಾಧನಗಳು. 2001ರಲ್ಲಿ ಸ್ಥಾಪನೆಯಾದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಆರಂಭದ ವರ್ಷಗಳಲ್ಲಿ ಕತೆ, ಒಗಟು, ಆಟಗಳಿದ್ದ ಸಿ.ಡಿ.ಗಳನ್ನು ತಯಾರಿಸಿ ಶಾಲೆಗಳ ಕಂಪ್ಯೂಟರ್ ಕಲಿಕಾ ಕೇಂದ್ರಗಳಿಗೆ ಒದಗಿಸಿತು. ಪ್ರತಿಷ್ಠಾನದ ಅನುರಾಗ್ ಬೆಹಾರ್ 2010ರಲ್ಲಿ ‘ಮಿಂಟ್’ ಪತ್ರಿಕೆಯಲ್ಲಿ ಶಿಕ್ಷಣದಲ್ಲಿ ತಂತ್ರಜ್ಞಾನದ ಮಿತಿಗಳ ಕುರಿತು ಬರೆದರು. ಸಂಸ್ಥೆಯ ಒತ್ತು ಮುಂದೆ ಶಿಕ್ಷಕರ ತರಬೇತಿಯತ್ತ ಹೊರಳಿತು.

ಬೆಂಗಳೂರಿನ ಐ.ಟಿ. ಫಾರ್ ಚೇಂಜ್ ಸಂಸ್ಥೆ ರಾಜ್ಯದ ಶಿಕ್ಷಣ ಇಲಾಖೆಯೊಂದಿಗೆ ಸೇರಿ ಪ್ರೌಢಶಾಲಾ ಶಿಕ್ಷಕರಿಗೆ ಮುಕ್ತ ತಂತ್ರಾಂಶಗಳನ್ನು ಪರಿಚಯಿಸಿತು. ಅಕ್ಷರ ಫೌಂಡೇಶನ್ ‘ಬಿಲ್ಡಿಂಗ್ ಬ್ಲಾಕ್ಸ್’ ಎಂಬ ಉಚಿತ ಗಣಿತ ಆಟಗಳ ಆ್ಯಪ್ ಹೊರತಂದಿತು. ಇದು ಕನ್ನಡದಲ್ಲಿದ್ದು, ಇಂಟರ್‌ನೆಟ್ ಇಲ್ಲದೆಯೂ ಸಾಧಾರಣ ಮೊಬೈಲ್‌ನಲ್ಲಿ ನಡೆಯುತ್ತದೆ. ನೆರೆಯ ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್‌ಗಳು ಗ್ನು/ಲಿನಕ್ಸ್ ಆಧಾರಿತವಾದ್ದರಿಂದ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಇಂಥ ಮುಕ್ತ ತಂತ್ರಾಂಶಗಳ ಬಳಕೆಯುಂಟು.

ಆಟದ ಕ್ರಮ

ಮುಕ್ತ ತಂತ್ರಾಂಶವಾದ ‘ಟಕ್ಸ್ ಮ್ಯಾತ್’ನಲ್ಲಿ ಲೆಕ್ಕಗಳನ್ನು ಹೊತ್ತ ಧೂಮಕೇತುಗಳು ಪರದೆಯ ಮೇಲಿನಿಂದ ಇಳಿಯುತ್ತವೆ, ಕೆಳಗೆ ಪೆಂಗ್ವಿನ್‌ಗಳ ಹಿಮದ ಮನೆಗಳಿರುತ್ತವೆ. 7×8 ಇಳಿದು ಬರುವಾಗ ಮಗು 56 ಎಂದು ಒತ್ತಿದರೆ ಧೂಮಕೇತು ಸಿಡಿದುಹೋಗುತ್ತದೆ. ಉತ್ತರ ತಪ್ಪಾದರೆ ಅದು ಇಳಿಯುತ್ತಲೇ ಇರುತ್ತದೆ, ಮಗು ಮತ್ತೆ ಪ್ರಯತ್ನಿಸಬಹುದು. ಉತ್ತರ ಸರಿಯೋ ತಪ್ಪೋ ಎಂಬುದು ತಕ್ಷಣ ತಿಳಿಯುತ್ತದೆ; ತರಗತಿಯ ಎದುರು ತಪ್ಪು ಹೇಳಿದ ಮುಜುಗರವಿಲ್ಲ; ಬೇಸರವಿಲ್ಲದೆ ಮಗ್ಗಿಯ ಪುನರಾವರ್ತನೆಯಾಗುತ್ತದೆ. ಆದರೆ ಏಳೆಂಟಲಿ ಐವತ್ತಾರು ಏಕಾಗುತ್ತದೆ ಎಂಬುದನ್ನು ಈ ಆಟ ವಿವರಿಸುವುದಿಲ್ಲ. ಆ ಕೆಲಸ ಮಣಿ, ಕಡ್ಡಿಗಳೊಂದಿಗೆ ಶಿಕ್ಷಕರೇ ಮಾಡಬೇಕಾದದ್ದು. 2000ದಲ್ಲಿ ಆರಂಭವಾದ ‘ಜಿಕಾಂಪ್ರಿ’ ಸಂಪುಟದಲ್ಲಿ ಎಣಿಕೆ, ಜೋಡಣೆ, ನೆನಪಿನ ಶಕ್ತಿಯಂಥ ಹಲವು ಬಗೆಯ ಚಟುವಟಿಕೆಗಳಿವೆ.

ಘಟ್ಟದ ಮೇಲಿನ ಶಾಲೆಗಳು

ಉತ್ತರ ಕನ್ನಡ ಕಂದಾಯ ಜಿಲ್ಲೆಯಲ್ಲಿ ಕಾರವಾರ ಮತ್ತು ಶಿರಸಿ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಈ ಮೂರೂ ತಾಲ್ಲೂಕುಗಳು ಶಿರಸಿಗೆ ಸೇರಿವೆ. ಕಾಡು, ಅಡಿಕೆ ತೋಟಗಳ ನಡುವೆ ಮನೆಗಳು ದೂರದೂರ. ಹಾಗಾಗಿ ಕೆಲವೇ ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗಳು ಇಲ್ಲಿ ಸಾಮಾನ್ಯ. ಒಬ್ಬಿಬ್ಬರು ಶಿಕ್ಷಕರು ಹಲವು ತರಗತಿಗಳನ್ನು ಒಟ್ಟಿಗೆ ನಡೆಸುವ ಇಂಥ ಕಡೆ, ಒಂದು ಗುಂಪಿಗೆ ಪಾಠ ನಡೆಯುವಾಗ ಇನ್ನೊಂದು ಗುಂಪನ್ನು ಅಭ್ಯಾಸದಲ್ಲಿ ತೊಡಗಿಸಲು ಆಟಗಳು ಅನುಕೂಲ.

2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಜಿಲ್ಲೆಯ ಹಳ್ಳಿಗಳ ವಿದ್ಯಾರ್ಥಿಗಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ್ದು ಪತ್ರಿಕೆಗಳಲ್ಲಿ ವರದಿಯಾಯಿತು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವುದೂ ಇಲ್ಲಿ ಮಾಮೂಲು. ಸದಾ ಇಂಟರ್‌ನೆಟ್ ಬೇಡುವ ಆಟಗಳಿಗಿಂತ, ಪೇಟೆಯಲ್ಲೋ ಸಿಗ್ನಲ್ ಸಿಗುವ ಜಾಗದಲ್ಲೋ ಒಮ್ಮೆ ಇಳಿಸಿಕೊಂಡು ಬ್ಯಾಟರಿಯಲ್ಲೇ ಆಡಬಹುದಾದವು ಈ ಪ್ರದೇಶಕ್ಕೆ ಹೊಂದುತ್ತವೆ.

ಭಾಷೆ ಇನ್ನೊಂದು ಸಂಗತಿ. ಹವ್ಯಕರ ಮನೆಗಳಲ್ಲಿ ಹವಿಗನ್ನಡ, ಯಲ್ಲಾಪುರದ ಕಡೆಯ ಸಿದ್ದಿಯರ ಮನೆಗಳಲ್ಲಿ ಕೊಂಕಣಿ ಬೆರೆತ ಮಾತು, ಗೌಳಿಗರಲ್ಲಿ ಮರಾಠಿ. ಶಾಲೆಗೆ ಬಂದ ಮೇಲೆ ಪುಸ್ತಕದ ಕನ್ನಡಕ್ಕೆ ಒಗ್ಗಿಕೊಳ್ಳುವ ಮಕ್ಕಳಿಗೆ, ಸೂಚನೆಯನ್ನು ಚಿತ್ರದೊಂದಿಗೆ ಓದಿ ಹೇಳುವ ಆಟ ಸುಲಭ. ಬರಹದ ಸೂಚನೆ ಮಾತ್ರವಿದ್ದರೆ ಕಷ್ಟ.

ಮಿತಿಗಳು

ಅಂಕ ಗಳಿಸುವ ಭರದಲ್ಲಿ ಮಕ್ಕಳು ಯೋಚಿಸದೆ ಊಹೆಯ ಉತ್ತರ ಒತ್ತುವುದುಂಟು. ಒಂದೇ ಸಾಧನಕ್ಕೆ ಹಲವರು ಮುಗಿಬಿದ್ದರೆ ಚುರುಕಾದವರೇ ಆಡುತ್ತಾರೆ, ಉಳಿದವರು ನೋಡುತ್ತಾರೆ. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಕೀಲಿ ಎಂಬ ಲೆಕ್ಕದಲ್ಲಿ ಮಾಡಿದ ಟೈಪಿಂಗ್ ಆಟಗಳು ‘ಕ್ತ’ದಂಥ ಒತ್ತಕ್ಷರಕ್ಕೆ ಮೂರು ಕೀಲಿ ಬೇಡುವ ಕನ್ನಡಕ್ಕೆ ಹಾಗೆಯೇ ಒಗ್ಗುವುದಿಲ್ಲ. ಮನೆಯಲ್ಲಿ ಮೊಬೈಲ್ ಹಿರಿಯರ ಜೊತೆ ಕೆಲಸಕ್ಕೆ ಹೋಗುವುದರಿಂದ ಮಗುವಿನ ಕೈಗೆ ಸಿಗುವುದು ಹೆಚ್ಚಾಗಿ ಸಂಜೆಯ ಮೇಲೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬುನಾದಿ ಹಂತದಲ್ಲಿ ಆಟದ ಮೂಲಕ ಕಲಿಕೆಗೆ ಒತ್ತು ಕೊಟ್ಟಿದೆಯಾದರೂ, ಆ ಆಟ ಪರದೆಯ ಮೇಲಿನದೇ ಆಗಬೇಕೆಂದಿಲ್ಲ. ಯಾವ ಪಾಠಕ್ಕೆ ಯಾವುದು ತಕ್ಕದ್ದು ಎಂಬ ಆಯ್ಕೆ ಶಿಕ್ಷಕರದು.