ಮನೆಯ ಲಿಪ್ ಬಾಮ್, ಕಾಡಿಗೆ ಕೆಡದಂತೆ ಇಡುವುದು ಹೇಗೆ?

ಹಿಂದೂಪುರ: ಚಳಿಗಾಲದ ಒಣಗಾಳಿಗೆ ತುಟಿ ಒಡೆದರೆ ತುಪ್ಪವನ್ನೋ ಹರಳೆಣ್ಣೆಯನ್ನೋ (ತೆಲುಗಿನ ಆಮುದಂ) ಸವರುವುದು ನಮ್ಮ ಗಡಿ ಹಳ್ಳಿಗಳ ಹಳೆಯ ರೂಢಿ. ಈಗ ಜೇನುಮೇಣ, ಕೊಬ್ಬರಿ ಎಣ್ಣೆ ಕರಗಿಸಿ ಲಿಪ್ ಬಾಮ್ ಮಾಡಿಕೊಳ್ಳುವವರೂ ಇದ್ದಾರೆ. ಇದಕ್ಕೆ ಪ್ರಿಸರ್ವೇಟಿವ್ ಬೇಕೇ?

ಉತ್ತರ ಅಡುಗೆಮನೆಯಲ್ಲೇ ಇದೆ. ಬೆಣ್ಣೆಯಲ್ಲಿ ಶೇ. 16ರಷ್ಟು ನೀರಿರುತ್ತದೆ, ಹೊರಗಿಟ್ಟರೆ ಬೇಗ ಹುಳಿಯಾಗುತ್ತದೆ. ಅದನ್ನೇ ಕಾಯಿಸಿ ನೀರು ಇಂಗಿಸಿದ ತುಪ್ಪ ತಿಂಗಳುಗಟ್ಟಲೆ ಇರುತ್ತದೆ. ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯಲು ನೀರು ಬೇಕು. ಆದ್ದರಿಂದ ಬರೀ ಎಣ್ಣೆ, ಮೇಣದ ಬಾಮ್‌ಗೆ ಪ್ರಿಸರ್ವೇಟಿವ್ ಸಾಮಾನ್ಯವಾಗಿ ಬೇಕಿಲ್ಲ.

ಆದರೆ ನೀರು ಕಳ್ಳದಾರಿಯಲ್ಲಿ ಬರುತ್ತದೆ. ಒದ್ದೆ ಚಮಚ, ಒದ್ದೆ ಬೆರಳು, ಸರಿಯಾಗಿ ಒರೆಸದ ಡಬ್ಬಿ, ಕರಗಿಸುವಾಗ ಬಿದ್ದ ಆವಿಯ ಹನಿ ಇಷ್ಟೇ ಸಾಕು. ಲೋಳೆಸರ, ಪನ್ನೀರು, ಹಸಿ ಗುಲಾಬಿ ಎಸಳು ಹಾಕಿದರಂತೂ ಅದು ನೀರಿಲ್ಲದ ವಸ್ತುವೇ ಅಲ್ಲ. ಜೇನುತುಪ್ಪವೂ ಎಣ್ಣೆಯಲ್ಲಿ ಬೆರೆಯದೆ ತಳದಲ್ಲಿ ನಿಲ್ಲುತ್ತದೆ.

ಇನ್ನೊಂದು ಕೇಡು ಕಮಟು. ಗಾಳಿ, ಬೆಳಕು, ಬಿಸಿ ತಾಗಿ ಎಣ್ಣೆ ಕೆಡುವುದೇ ಇದು. ಕುಸುಬೆ, ಸೂರ್ಯಕಾಂತಿ ಎಣ್ಣೆ ಬೇಗ ಕಮಟುತ್ತವೆ. ಕೊಬ್ಬರಿ ಎಣ್ಣೆ, ಹರಳೆಣ್ಣೆ ಹೆಚ್ಚು ಕಾಲ ತಾಳುತ್ತವೆ. ತಾಮ್ರ, ಕಬ್ಬಿಣ ತಾಗಿದರೂ ಎಣ್ಣೆ ಬೇಗ ಕೆಡುವುದರಿಂದ ಅಜ್ಜಿಯ ಕಾಲದ ಹಿತ್ತಾಳೆ ಭರಣಿ ಎಷ್ಟೇ ಚೆಂದವಿದ್ದರೂ ಸ್ಟೀಲ್ ಅಥವಾ ಬಣ್ಣದ ಗಾಜಿನ ಡಬ್ಬಿಯೇ ವಾಸಿ. ವಿಟಮಿನ್ ಇ ಕ್ಯಾಪ್ಸೂಲ್ ಹಿಂಡಿದರೆ ಕಮಟು ತಡವಾಗುತ್ತದೆ, ಅಷ್ಟೆ. ಅದು ಕ್ರಿಮಿ ಕೊಲ್ಲುವುದಿಲ್ಲ. ಈ ಎರಡನ್ನೂ ಒಂದೇ ಎಂದು ತಿಳಿದವರೇ ಹೆಚ್ಚು.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಕರಗುತ್ತದೆ. ಏಪ್ರಿಲ್-ಮೇನಲ್ಲಿ 40 ಡಿಗ್ರಿ ಮುಟ್ಟುವ ಕಲ್ಯಾಣದುರ್ಗದಲ್ಲಿ ಮೇಣವಿಲ್ಲದೆ ಬಾಮ್ ನಿಲ್ಲದು. ಜೇನುಮೇಣ ಕರಗುವುದು 60 ಡಿಗ್ರಿ ದಾಟಿದ ಮೇಲೆ. ತೂಕದಲ್ಲಿ ಒಂದು ಪಾಲು ಮೇಣಕ್ಕೆ ಮೂರು-ನಾಲ್ಕು ಪಾಲು ಎಣ್ಣೆ ಸಾಕು. ಚಿಕ್ಕ ಡಬ್ಬಿಗಳಲ್ಲಿ ತುಂಬಿ, ತಾರೀಖು ಬರೆದು, ಆರು ತಿಂಗಳೊಳಗೆ ಮುಗಿಸಿ. ವಾಸನೆ ತಿರುಗಿದರೆ ಎಸೆಯಿರಿ.

ಹರಳೆಣ್ಣೆ ದೀಪದ ಮಸಿಯ ಕಾಡಿಗೆಗೂ ಇದೇ ನಿಯಮ. ಒಬ್ಬರದನ್ನು ಇನ್ನೊಬ್ಬರು ಹಚ್ಚಬಾರದು, ಕಣ್ಣಿನ ಸೋಂಕು ಹರಡುತ್ತದೆ. ಕೂಸುಗಳ ಕಣ್ಣಿಗೆ ಕಾಡಿಗೆ ಬೇಡವೆಂದೇ ವೈದ್ಯರ ಸಲಹೆ. ಅಂಗಡಿಯ ಸುರ್ಮಾದಲ್ಲಿ ಸೀಸ ಇರಬಹುದು, ಅದು ಮಗುವಿನ ಮೆದುಳಿಗೇ ಅಪಾಯ.

ಡ್ವಾಕ್ರಾ ಸಂಘದವರು ಮಾರಾಟಕ್ಕೆ ತಯಾರಿಸುವುದಾದರೆ 2020ರ ಸೌಂದರ್ಯವರ್ಧಕ ನಿಯಮಗಳಂತೆ ರಾಜ್ಯದ ಔಷಧ ನಿಯಂತ್ರಣ ಇಲಾಖೆಯ ಲೈಸೆನ್ಸ್ ಪಡೆಯಬೇಕು.